ಕಾಲು ತೆಗೆದದ್ದು ಯಾರ ತಪ್ಪು?

ಕಾರಿನ ಹಿಂದಿನ ಸ್ಪ್ರಿಂಗಿನ ಬಗ್ಗೆ ಒಂದು ಪ್ರಬಂಧ ಬರೆಯುತ್ತಿದ್ದೇನೆ ಎಂದಾಗ ಹಾಸನದಿಂದ ನನ್ನ ತಂಗಿ ಫೋನಿನಲ್ಲೇ ನಕ್ಕಳು. "ಅಕ್ಕಾ, ಅದನ್ನ ಓದೋರು ಯಾರೇ? ಹೆಂಗಸರಂತೂ ಪುಟ ತಿರುವಿ ಹಾಕ್ತಾರೆ" ಅಂದಳು. ತಿರುವಿ ಹಾಕುವವರು ಹಾಕಲಿ, ನನ್ನ ಅಡ್ಡಿಯಿಲ್ಲ. ಆದರೆ ಅದಕ್ಕೆ ಮುಂಚೆ ನನ್ನದೊಂದು ಪ್ರಶ್ನೆಗೆ ಉತ್ತರ ಹೇಳಿ ಹೋಗಿ. ನಿಮ್ಮ ಮನೆಯಲ್ಲಿ ಕುಕ್ಕರಿನ ಸೇಫ್ಟಿ ವಾಲ್ವ್ ಹಾರಿ ಬೇಳೆಯೆಲ್ಲ ಸೂರಿಗೆ ಅಂಟಿದಾಗ ಮೊದಲು ಬೈಸಿಕೊಂಡವರು ಯಾರು? ಮಿಕ್ಸಿ ಸುಟ್ಟು ವಾಸನೆ ಬಂದಾಗ? ಮಗಳ ಸ್ಕೂಟರು ತಿರುವಿನಲ್ಲಿ ಮರಳಿನ ಮೇಲೆ ಜಾರಿದಾಗ? ಯಂತ್ರ ಕೆಟ್ಟರೆ ಹೆಣ್ಣಿನ ಕೈ ಸರಿಯಿಲ್ಲ ಎನ್ನುವುದು ನಮ್ಮಲ್ಲಿ ಯಾರೂ ಬರೆಯದೆ ಜಾರಿಗೆ ಬಂದ ಕಾಯಿದೆ. ಇದಕ್ಕೆ ನಾನು ಕಂಡ ಅಪವಾದ ಒಂದೇ. ನಾನು ಬೆಳೆಯುವ ಕಾಲಕ್ಕೆ ಪತ್ರಿಕೆಗಳಲ್ಲಿ "ಸ್ಟೋವ್ ಸಿಡಿದು ಗೃಹಿಣಿ ಸಾವು" ಎಂಬ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಅಲ್ಲಿ ಮಾತ್ರ, ಪಾಪ, ತಪ್ಪೆಲ್ಲ ಸ್ಟೋವಿನದೇ ಆಗಿರುತ್ತಿತ್ತು.

ಯಂತ್ರದ ತಪ್ಪು ಯಾವಾಗ ಯಂತ್ರದ್ದಾಗುತ್ತದೆ, ಯಾವಾಗ ಹೆಂಗಸಿನದಾಗುತ್ತದೆ ಎಂಬುದನ್ನು ನಾನು ಕಲಿತದ್ದು ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನಿಂದ. ಹಾಗಾಗಿ ಕಾರಿನ ವಿಷಯ ಹೇಳದೆ ನನಗೆ ಗತಿಯಿಲ್ಲ.

ನಾನು ಮದುವೆಯಾಗಿ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದದ್ದು 1984ರಲ್ಲಿ. ನಮ್ಮ ಮನೆಯವರು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಕೊವೆಂಟ್ರಿ ಎಂದರೆ ಕಾರಿನ ಊರು. ಊರಿನ ಕ್ಯಾನ್ಲಿ ಎಂಬ ಕಡೆ ಟ್ರಯಂಫ್ ಕಾರ್ಖಾನೆಯಿತ್ತು. 1962ರಿಂದ 1980ರ ಆಗಸ್ಟ್‌ವರೆಗೆ ಅಲ್ಲಿ ಸ್ಪಿಟ್‌ಫೈರ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು. ಎರಡೇ ಸೀಟು, ಮಡಿಸಬಹುದಾದ ಕ್ಯಾನ್ವಾಸಿನ ಮೇಲ್ಛಾವಣಿ, ನೆಲಕ್ಕೆ ಅಂಟಿಕೊಂಡಂತೆ ಓಟ. ಮೂರು ಲಕ್ಷಕ್ಕೂ ಮಿಕ್ಕಿ ತಯಾರಾದ ಆ ಕಾರುಗಳಲ್ಲಿ 1968ರ ಒಂದನ್ನು ಇವರು 1992ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ತಂದರು. "ಕಾಲೇಜಿನ ದಿನಗಳ ಕನಸು" ಎಂದರು. ನಾನು ಕಾರಿನ ಹಿಂಭಾಗಕ್ಕೆ ಬಗ್ಗಿ ನೋಡಿ, "ಅಯ್ಯೋ, ಇದು ನಮ್ಮ ಅಪ್ಪನ ಕಾರೇ ಅಲ್ಲವಾ!" ಎಂದೆ.

ನನ್ನ ಮಾತು ಸುಳ್ಳಲ್ಲ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿಯವರು 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ನಮ್ಮ ದೇಶದಲ್ಲೇ ತಯಾರಿಸಿದರು. ಮೂಲದ ಹೆರಾಲ್ಡ್ 1959ರಲ್ಲಿ ಇದೇ ಕೊವೆಂಟ್ರಿಯಲ್ಲಿ ಹುಟ್ಟಿದ್ದು. ಅದರ ಚಾಸಿಯನ್ನೇ ಗಿಡ್ಡ ಮಾಡಿ ಸ್ಪಿಟ್‌ಫೈರ್ ಕಟ್ಟಿದರು. ಅಪ್ಪನ ಹೆರಾಲ್ಡನ್ನು ಹಾಸನದ ಗ್ಯಾರೇಜಿನ ಸಾಬರು ಜ್ಯಾಕ್ ಹಾಕಿ ಎತ್ತಿದಾಗ ಹಿಂದಿನ ಎರಡು ಚಕ್ರಗಳೂ ಬುಡದಲ್ಲಿ ಒಳಕ್ಕೆ ಮಡಚಿಕೊಳ್ಳುತ್ತಿದ್ದವು. "ನೋಡಮ್ಮಾ, ನಿಮ್ಮ ಕಾರು ಕಾಲು ಮಡಚ್ಕೊಂಡು ಕೂತ್ಕೋತದೆ" ಎಂದು ಸಾಬರು ನಗುತ್ತಿದ್ದರು. ಆ ನಗುವಿನಲ್ಲಿ ಎಷ್ಟು ದೊಡ್ಡ ಮಾತು ಅಡಗಿತ್ತೆಂದು ನನಗೆ ಹೊಳೆಯಲು ಮೂವತ್ತು ವರ್ಷ ಬೇಕಾಯಿತು.

1994ರ ಬೇಸಿಗೆಯಲ್ಲಿ ಕಾರಿನ ಹಿಂಭಾಗ ಜೋತು ಬಿದ್ದಿದೆ ಎಂದು ಇವರು ಅದನ್ನು ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿಯವರು ಹೊಸ ಸ್ಪ್ರಿಂಗು ಹಾಕಿದರು, ಹೊಸ ಷಾಕ್ ಅಬ್ಸಾರ್ಬರ್ ಹಾಕಿ ಅದರ ತಿರುಪನ್ನು ತುದಿಯವರೆಗೂ ಬಿಗಿ ಮಾಡಿದರು. "ಸ್ಪೋರ್ಟ್ಸ್ ಕಾರು ಎಂದಮೇಲೆ ಗಟ್ಟಿ ಇರಬೇಕು" ಎಂಬ ಉಪದೇಶವೂ ಬಿಲ್ಲಿನ ಜೊತೆ ಬಂತು. ಕಾರು ಹಿಂದುಗಡೆ ಕೋಳಿಯ ಪುಕ್ಕದಂತೆ ಎದ್ದು ನಿಂತಿತು. ಓಡಿಸಿದ ಮೊದಲ ದಿನವೇ ನಾನು, "ಹಿಂದುಗಡೆ ಏನೋ ಸರಿಯಿಲ್ಲ, ನೆಲ ಬಿಟ್ಟು ಕುಣಿದ ಹಾಗಾಗುತ್ತದೆ" ಎಂದೆ. "ಎರಡು ಹೆತ್ತ ಮೇಲೆ ಬೆನ್ನು ನೋವು ಸಹಜ" ಎಂದು ನಮ್ಮ ಡಾಕ್ಟರು ರೋಗವನ್ನು ಕಾರಿನಿಂದ ನನ್ನ ಮೈಗೆ ವರ್ಗಾಯಿಸಿಬಿಟ್ಟರು.

ಅದೇ ನವೆಂಬರಿನ ಒಂದು ಸಂಜೆ. ಮಗಳಿಗೆ ಆಗ ಒಂಬತ್ತು ವರ್ಷ. ಭರತನಾಟ್ಯದ ಪಾಠ ಮುಗಿಸಿ ಕೆನಿಲ್‌ವರ್ತ್ ಕಡೆಯಿಂದ ಮನೆಗೆ ಬರುತ್ತಿದ್ದೆವು. ಮಳೆ ನಿಂತಿತ್ತು, ರಸ್ತೆಯ ಮೇಲೆ ಒದ್ದೆ ಎಲೆಗಳು ಹಾಸಿದ್ದವು. ತಿರುವಿನ ನಡುವೆ ಇದ್ದಕ್ಕಿದ್ದಂತೆ ಒಂದು ಟ್ರ್ಯಾಕ್ಟರಿನ ಹಿಂಭಾಗ ಕಾಣಿಸಿತು. ಯಾರಾದರೂ ಮಾಡುವುದನ್ನೇ ನಾನೂ ಮಾಡಿದೆ. ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದೆ. ಬ್ರೇಕ್ ಕೂಡ ಒತ್ತಲಿಲ್ಲ. ಕಾರಿನ ಹಿಂಭಾಗ ಯಾರೋ ಕೆಳಗಿನಿಂದ ಎತ್ತಿದಂತೆ ಎದ್ದಿತು, ನಂತರ ನನ್ನನ್ನು ದಾಟಿ ಮುಂದೆ ಬಂತು. ಒಂದೂವರೆ ಸುತ್ತು ತಿರುಗಿ, ಬಂದ ದಾರಿಯ ಕಡೆಗೇ ಮುಖ ಮಾಡಿ ಹುಲ್ಲಿನ ಮೇಲೆ ನಿಂತೆವು. ಗೆಜ್ಜೆಯ ಚೀಲ ಮಗಳ ಕಾಲ ಬಳಿ ಬಿದ್ದು, ಕಾರು ನಿಂತ ಮೇಲೂ ಒಮ್ಮೆ ಘಲ್ಲೆಂದಿತು. ಯಾರಿಗೂ ಏನೂ ಆಗಿರಲಿಲ್ಲ. ಮಗಳು ಅಳಲಿಲ್ಲ. ನನ್ನ ಮುಖ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ನೀನು ಏನು ಮಾಡಿದೆ?"

ಒಂಬತ್ತು ವರ್ಷದ ಹುಡುಗಿ. "ಕಾರಿಗೆ ಏನಾಯಿತು" ಎಂದು ಕೇಳಲಿಲ್ಲ ನೋಡಿ.

ಮನೆಯಲ್ಲಿ ಕೂಗಾಟವೇನೂ ಆಗಲಿಲ್ಲ. ಇವರು ಕೂಗುವ ಜಾತಿಯವರಲ್ಲ. "ತಿರುವಿನ ನಡುವೆ ಕಾಲು ತೆಗೆಯಬಾರದು ಎಂದು ಗೊತ್ತಿರಲಿಲ್ಲವಾ?" ಎಂದರು. ಹಳೆ ಕಾರುಗಳ ಹುಚ್ಚಿನ ಅವರ ಸ್ನೇಹಿತರೊಬ್ಬರು ಮರುದಿನ ಬಂದು, ಗಂಭೀರವಾಗಿ ತಲೆಯಾಡಿಸಿ, "ಹೆದರಿ ಕಾಲು ತೆಗೆದಿದ್ದಾರೆ, ಅಷ್ಟೇ. ಕಾರು ಸರಿಯಾಗಿಯೇ ಇದೆ" ಎಂದು ತೀರ್ಪು ಕೊಟ್ಟರು. ಅಡುಗೆಮನೆಯ ಗೋಡೆಯ ಕೊಕ್ಕೆಯಲ್ಲಿ ತೂಗುತ್ತಿದ್ದ ಕಾರಿನ ಬೀಗದ ಕೈ ಆವತ್ತಿನಿಂದ ಇವರ ಮೇಜಿನ ಡ್ರಾಯರು ಸೇರಿತು. ಯಾರೂ ನನಗೆ "ಓಡಿಸಬೇಡ" ಎನ್ನಲಿಲ್ಲ. ನಾನೂ ಕೇಳಲಿಲ್ಲ. ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಗಿತ್ತು.

1996ರ ಜೂನಿನಲ್ಲಿ, ಒಣ ರಸ್ತೆಯಲ್ಲಿ, ಹಗಲು ಹೊತ್ತಿನಲ್ಲಿ, ಇವರು ಅದೇ ಕಾರನ್ನು ತಿರುವಿನಲ್ಲಿ ಗಿರ್ರನೆ ತಿರುಗಿಸಿ ಬೇಲಿಗೆ ಗುದ್ದಿದರು. ಮಣಿಕಟ್ಟು ಮುರಿಯಿತು. ಸಂಜೆ ಅದೇ ಸ್ನೇಹಿತರು ಬಂದರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ಅವರ ಮಾತು ಕಿವಿಗೆ ಬಿತ್ತು: "ಈ ಕಾರಿನ ಹಿಂದಿನ ಸಸ್ಪೆನ್ಷನ್ನೇ ಹಾಗೆ. ಯಾರು ತಾನೇ ಏನು ಮಾಡಲಾದೀತು!"

ನಾನು ತಿರುಗಿಸಿದಾಗ ಕಾಲಿನ ತಪ್ಪು, ಅವರು ತಿರುಗಿಸಿದಾಗ ಸಸ್ಪೆನ್ಷನ್ನಿನ ತಪ್ಪು! ಚಹಾ ಕೊಟ್ಟು ಒಳಗೆ ಬಂದೆ. ಆ ಸೆಪ್ಟೆಂಬರಿನಲ್ಲೇ ಊರಿನ ಕಾಲೇಜಿನ ಸಂಜೆ ತರಗತಿಯಲ್ಲಿ ಕಾರು ರಿಪೇರಿ ಕಲಿಯಲು ಹೆಸರು ಬರೆಸಿದೆ.

ಅಲ್ಲಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ; ಕಷ್ಟದ್ದೇನಲ್ಲ. ಈ ಕಾರಿನ ಹಿಂಭಾಗದ ನಡುವೆ ಡಿಫರೆನ್ಷಿಯಲ್ ಎಂಬ ಗೇರಿನ ಡಬ್ಬಿಯಿದೆ. ಅದರ ಎಡಕ್ಕೊಂದು ಬಲಕ್ಕೊಂದು ದಂಡ. ದಂಡದ ಒಳತುದಿಯಲ್ಲಿ ಮಾತ್ರ ಕೀಲು. ಹೊರತುದಿಯಲ್ಲಿ ಚಕ್ರ ದಂಡಕ್ಕೆ ನೇರ ಅಡ್ಡಲಾಗಿ, ವಾಲದಂತೆ ಕೂತಿರುತ್ತದೆ. ಹಾಗಾಗಿ ದಂಡ ಹಕ್ಕಿಯ ರೆಕ್ಕೆಯಂತೆ ಮೇಲೆ ಕೆಳಗೆ ಆಡಿದಾಗ ಚಕ್ರವೂ ಜೊತೆಯಲ್ಲೇ ವಾಲುತ್ತದೆ. ಇದಕ್ಕೆ ಸ್ವಿಂಗ್ ಆಕ್ಸಲ್ ಎನ್ನುತ್ತಾರೆ. ಎರಡು ಚಕ್ರಗಳಿಗೂ ಅಡ್ಡಲಾಗಿ, ಡಬ್ಬಿಯ ನೆತ್ತಿಯ ಮೇಲೆ, ಲಾರಿಯ ಹಿಂದೆ ಇರುತ್ತದಲ್ಲ ಅಂಥದೇ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು.

ಈಗ ಕಾರು ತಿರುವಿನಲ್ಲಿದೆ ಎನ್ನಿ. ಹೊರಗಿನ ಚಕ್ರವನ್ನು ರಸ್ತೆ ಒಳಕ್ಕೆ ತಳ್ಳುತ್ತದೆ. ಆ ಬಲ ದಂಡದ ಮೂಲಕ ಸಾಗಿ ಕಾರಿನ ಮೈಯನ್ನೇ ಮೇಲಕ್ಕೆತ್ತಲು ನೋಡುತ್ತದೆ. ಇದೇ ಹೊತ್ತಿಗೆ ಕಾಲು ತೆಗೆದರೆ ಕಾರಿನ ಭಾರ ಮುಂದಕ್ಕೆ ಸರಿದು ಹಿಂಭಾಗ ಇನ್ನಷ್ಟು ಹಗುರಾಗಿ ಏಳುತ್ತದೆ. ಮೈ ಎದ್ದಂತೆ ದಂಡ ಇಳಿಜಾರಾಗಿ, ಚಕ್ರದ ಬುಡ ಒಳಕ್ಕೆ ಮಡಚುತ್ತದೆ. ಸಾಬರು ಹೇಳಿದ್ದು ಇದನ್ನೇ, ಕಾರು ಕಾಲು ಮಡಚಿಕೊಳ್ಳುತ್ತದೆ. ಟೈರು ಅಂಚಿನ ಮೇಲೆ ನಿಂತು ಹಿಡಿತ ಬಿಡುತ್ತದೆ. ಹಿಂಭಾಗ ಜಾರುತ್ತದೆ.

ಇಷ್ಟು ತಿಳಿದ ದಿನ ನಾನು ಟಾರ್ಪಾಲಿನ್ ಸರಿಸಿ ನಮ್ಮ ಕಾರನ್ನು ನೋಡಿದೆ. ಖಾಲಿ ನಿಂತ ಕಾರಿನ ಹಿಂದಿನ ಚಕ್ರಗಳು ಆಗಲೇ ಬುಡದಲ್ಲಿ ಒಳಕ್ಕೆ ಮಡಚಿಕೊಂಡಿದ್ದವು. ಹಳೆಯ ಜೋತುಬಿದ್ದ ಸ್ಪ್ರಿಂಗಿನಲ್ಲಿ ಚಕ್ರಗಳ ಬುಡ ಹೊರಕ್ಕೆ ಅಗಲಿಸಿ, ಕಾಲು ಅಗಲಿಸಿ ನಿಂತ ಪೈಲ್ವಾನನಂತೆ ಕಾರು ಭದ್ರವಾಗಿತ್ತು. ಗ್ಯಾರೇಜಿನವರು ಹಾಕಿದ ಅತಿಯಾಗಿ ಬಾಗಿದ ಹೊಸ ಸ್ಪ್ರಿಂಗು ಅದನ್ನು ಎತ್ತಿ ತುದಿಗಾಲಿನಲ್ಲಿ ನಿಲ್ಲಿಸಿತ್ತು. ಅದರ ಮೇಲೆ ಷಾಕ್ ಅಬ್ಸಾರ್ಬರಿನ ಬಿಗಿ. ಉಬ್ಬು ತಗ್ಗು ಬಂದಾಗ ಚಕ್ರ ನೆಲಕ್ಕೆ ಅಂಟಿಕೊಳ್ಳುವ ಬದಲು ಪುಟಿಯುತ್ತಿತ್ತು. "ನೆಲ ಬಿಟ್ಟು ಕುಣಿಯುತ್ತದೆ" ಎಂದು ನನ್ನ ಬೆನ್ನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಈ ಕಾರಿನ ಆ ಹೊತ್ತಿನ ಸ್ಥಿತಿಗೆ ಗ್ಯಾರೇಜು ಕಾರಣವೇ ಹೊರತು ತಯಾರಿಸಿದ ಕಾರ್ಖಾನೆಯಲ್ಲ ಎಂಬುದನ್ನು ನ್ಯಾಯಕ್ಕೆ ಹೇಳಬೇಕು. ಆದರೆ ಸ್ವಿಂಗ್ ಆಕ್ಸಲಿನ ಈ ಗುಣ ನಾನು ಕಂಡುಹಿಡಿದ ಗುಟ್ಟೇನೂ ಅಲ್ಲ. ಮರ್ಸಿಡಿಸ್‌ನವರ 1954ರ 300 ಎಸ್‌ಎಲ್, ಬಾಗಿಲು ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಆ ಪ್ರಸಿದ್ಧ ಕಾರಿನಲ್ಲೂ ಇದೇ ಆಕ್ಸಲು. 1957ರ ರೋಡ್‌ಸ್ಟರಿನಲ್ಲಿ ಅವರು ಕೀಲನ್ನು ಕೆಳಕ್ಕೆ ತಂದು ತಿದ್ದಿಕೊಂಡರು. ಟ್ರಯಂಫ್‌ನವರು 1968ರಲ್ಲಿ ಜಿಟಿ6 ಎಂಬ ತಮ್ಮ ಇನ್ನೊಂದು ಕಾರಿಗೆ ಕೆಳಗಡೆ ಬೇರೆಯೇ ತೋಳು ಕೂಡಿಸಿದರು. 1970ರ ಕೊನೆಗೆ ಬಂದ ಸ್ಪಿಟ್‌ಫೈರ್ ಮಾರ್ಕ್ 4ಕ್ಕೆ ಹೊಸ ಬಗೆಯ ಸ್ಪ್ರಿಂಗು ಕೊಟ್ಟರು. ಮದರಾಸಿನಲ್ಲಿ ಹೆರಾಲ್ಡಿನ ನಂತರ 1972ರಲ್ಲಿ ಬಂದ ಗೆಜೆಲ್ ಕಾರಿಗೆ ಸ್ವಿಂಗ್ ಆಕ್ಸಲನ್ನೇ ಬಿಟ್ಟು ಒಂದೇ ಗಟ್ಟಿ ಆಕ್ಸಲ್ ಹಾಕಿದರು. ಅಂದರೆ, ನನ್ನ ಕಾಲಿನ ವಿಚಾರಣೆ ನಡೆಯುವುದಕ್ಕೆ ಇಪ್ಪತ್ತು ವರ್ಷಕ್ಕೂ ಮುಂಚೆಯೇ ಕಾರ್ಖಾನೆಗಳು ಯಂತ್ರವನ್ನು ತಿದ್ದಿದ್ದವು!

ಅಮೆರಿಕದ ಕಥೆ ಇನ್ನೂ ಕಣ್ಣು ತೆರೆಸುವಂಥದು. ಜನರಲ್ ಮೋಟಾರ್ಸ್ ಕಂಪನಿಯ ಷೆವ್ರೊಲೆ ಕೋರ್ವೇರ್ ಎಂಬ ಕಾರು 1960ರ ಮಾದರಿಯಾಗಿ ಬಂತು. ಹಿಂದೆ ಎಂಜಿನ್, ಹಿಂದೆ ಸ್ವಿಂಗ್ ಆಕ್ಸಲ್. ಅದು ನೆಟ್ಟಗಿರಬೇಕಾದರೆ ಮುಂದಿನ ಟೈರಿಗೆ 15 ಪೌಂಡ್, ಹಿಂದಿನ ಟೈರಿಗೆ 26 ಪೌಂಡ್ ಗಾಳಿ ಇರಬೇಕೆಂದು ಕಂಪನಿಯ ಸೂಚನೆ. ಪೆಟ್ರೋಲ್ ಬಂಕಿನ ಹುಡುಗ ನಾಲ್ಕಕ್ಕೂ ಒಂದೇ ಸಮ ಗಾಳಿ ತುಂಬಿದರೆ ಮುಗಿಯಿತು. ಲೋಹದಲ್ಲಿ ಮಾಡಬೇಕಾದ ಕೆಲಸವನ್ನು ಕಾಗದದ ಮೇಲೆ ಬರೆದು ಕೊಳ್ಳುವವರ ತಲೆಗೆ ಕಟ್ಟಿದ್ದರು. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಈ ಕಾರಿನದು. ಕಂಪನಿ ಆತನ ಹಿಂದೆ ಪತ್ತೇದಾರರನ್ನು ಬಿಟ್ಟಿತು; ಅದು ಬಯಲಾಗಿ 1966ರಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಶ್ ಸೆನೆಟ್ಟಿನ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ವಾಹನ ಸುರಕ್ಷತೆಯ ಕಾಯಿದೆ ಬಂತು. 1972ರಲ್ಲಿ ಸರಕಾರದ ವರದಿಯೊಂದು ಕೋರ್ವೇರ್ ತನ್ನ ಕಾಲದ ಇತರ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯಲ್ಲ ಎಂದಿತು. ನೇಡರ್ ಹೇಳಿದ್ದನ್ನು ಒಪ್ಪದವರು ಈಗಲೂ ಅದನ್ನೇ ಎತ್ತಿ ತೋರಿಸುತ್ತಾರೆ. ತೋರಿಸಲಿ. ನನ್ನ ಪ್ರಶ್ನೆ ಬೇರೆ. ಕಾರು ಸರಿಯಾಗಿಯೇ ಇದ್ದಿದ್ದರೆ 1964ರಲ್ಲಿ ಅದಕ್ಕೆ ಹಿಂದುಗಡೆ ಅಡ್ಡ ಸ್ಪ್ರಿಂಗನ್ನೂ ಮುಂದುಗಡೆ ಹೊರಳು ತಡೆಯುವ ಸರಳನ್ನೂ ಯಾಕೆ ಸೇರಿಸಿದರು? 1965ರ ಮಾದರಿಗೆ ಹಿಂದಿನ ಸಸ್ಪೆನ್ಷನ್ನನ್ನು ಪೂರ್ತಿ ಯಾಕೆ ಬದಲಿಸಿದರು? "ಎಲ್ಲರ ಮನೆ ದೋಸೆಯೂ ತೂತೇ" ಎನ್ನುವುದು ಗಾದೆಯಾಗಬಹುದು, ಸಮರ್ಥನೆಯಾಗದು.

ಈಗ ನನ್ನ ಎದುರಾಳಿಗಳ ವಾದಗಳಿಗೆ ಬರುತ್ತೇನೆ. ಹಳೆ ಕಾರಿನವರ ಕೂಟಗಳಲ್ಲಿ ಕಾಲು ಶತಮಾನದಿಂದ ಇವನ್ನೇ ಕೇಳುತ್ತಿದ್ದೇನೆ.

ಮೊದಲನೆಯದು, "ನುರಿತವನು ತಿರುವಿನ ನಡುವೆ ಕಾಲು ತೆಗೆಯುವುದಿಲ್ಲ." ಒಪ್ಪಿದೆ. ಆದರೆ ರಸ್ತೆಯಲ್ಲಿ ಟ್ರ್ಯಾಕ್ಟರಿದೆ, ದನವಿದೆ, ಚೆಂಡಿನ ಹಿಂದೆ ಓಡಿ ಬರುವ ಮಗುವಿದೆ. ಮಗು ಅಡ್ಡ ಬಂದಾಗ ಕಾಲು ತೆಗೆಯುವುದು ತಪ್ಪು ಎನ್ನುವ ಯಂತ್ರ ಮನುಷ್ಯರಿಗಾಗಿ ಮಾಡಿದ್ದಲ್ಲ. ಹೆದರಿಕೆ ಹೆಂಗಸಿನ ದೌರ್ಬಲ್ಯ ಎಂಬ ಭಾವನೆ ಈ ವಾದದ ಒಳಗೆ ಬೆಚ್ಚಗೆ ಕೂತಿದೆ. ಹೆದರಿದ ಕ್ಷಣವನ್ನೂ ತಾಳಿಕೊಳ್ಳುವಂತೆ ಯಂತ್ರವನ್ನು ಹೊಂದಿಸುವುದೇ ಕಸುಬುದಾರಿಕೆ.

ಎರಡನೆಯದು, "ಮೂಲದಲ್ಲಿ ಹೇಗಿತ್ತೋ ಹಾಗೇ ಇರಬೇಕು, ಬದಲಾಯಿಸಿದರೆ ಕಾರಿನ ಜಾತಿ ಕೆಡುತ್ತದೆ." ಈ ಮಡಿವಂತಿಕೆ ನನಗೆ ಹೊಸದಲ್ಲ, ಅಜ್ಜಿಯ ಮನೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ತಮಾಷೆಯೆಂದರೆ ಈ ಮಹನೀಯರೇ ರೇಡಿಯೊ ಬದಲಿಸುತ್ತಾರೆ, ಹೊಳೆಯುವ ಚಕ್ರ ಹಾಕಿಸುತ್ತಾರೆ. ಮಡಿ ನೆನಪಾಗುವುದು ಪಕ್ಕದ ಸೀಟಿನಲ್ಲಿ ಕೂರುವವಳ ಜೀವದ ಮಾತು ಬಂದಾಗ ಮಾತ್ರ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. "ಗಟ್ಟಿ ಮಾಡಿದಷ್ಟೂ ಒಳ್ಳೆಯದು." ಯಾರ ಕಾರಿನ ಬಗ್ಗೆ ದೂರು ಬಂದರೂ ಇವರ ಮದ್ದು ಒಂದೇ: ಇನ್ನೂ ಗಟ್ಟಿ ಸ್ಪ್ರಿಂಗು, ಇನ್ನೂ ಒಂದು ಸುತ್ತು ಬಿಗಿ. ಸ್ವಿಂಗ್ ಆಕ್ಸಲಿನ ವಿಷಯದಲ್ಲಿ ಇದು ಔಷಧಿಯಲ್ಲ, ವಿಷ. 1970ರ ತಿದ್ದುಪಡಿ ನೋಡಿ, ಎಷ್ಟು ಜಾಣತನದ್ದು! ಹಳೆಯ ಸ್ಪ್ರಿಂಗಿನ ಪಟ್ಟಿಗಳನ್ನೆಲ್ಲ ಡಬ್ಬಿಯ ನೆತ್ತಿಗೆ ಬಿಗಿದು ಕಟ್ಟಲಾಗಿತ್ತು. ಹೊಸದರಲ್ಲಿ ಒಂದು ಪಟ್ಟಿಯನ್ನು ಮಾತ್ರ ಬಿಗಿದು, ಉಳಿದವನ್ನು ನಡುವಿನಲ್ಲಿ ತಕ್ಕಡಿಯ ದಂಡದಂತೆ ತೂಗಲು ಬಿಟ್ಟರು. ಸ್ವಿಂಗ್ ಸ್ಪ್ರಿಂಗ್ ಎನ್ನುವುದು ಅದನ್ನೇ. ಕಾರಿನ ಭಾರ ಹೊರುವಾಗ ಪಟ್ಟಿಗಳೆಲ್ಲ ಸೇರಿ ಹೊರುತ್ತವೆ. ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲಿದಾಗ ಮಾತ್ರ ತಕ್ಕಡಿಯಂತೆ ಓಲಾಡಿ ಜಗಳಕ್ಕೆ ನಿಲ್ಲದೆ ಬಿಟ್ಟುಕೊಡುತ್ತವೆ. ಎರಡು ಹಿಂದಿನ ಚಕ್ರಗಳ ಮೇಲಿನ ಭಾರ ಹೆಚ್ಚು ಸಮನಾಗಿ ಉಳಿಯುತ್ತದೆ, ಮೈ ಮೇಲಕ್ಕೇಳುವುದು ಕಡಿಮೆಯಾಗುತ್ತದೆ. ವಾಲುವುದನ್ನು ತಡೆಯುವ ಕೆಲಸವನ್ನು ಮುಂದುಗಡೆ ದಪ್ಪನೆಯ ಆಂಟಿ ರೋಲ್ ಬಾರ್ ಹಾಕಿ ಅದಕ್ಕೆ ವಹಿಸಿದರು. ಎಲ್ಲಿ ಸಡಿಲ ಬೇಕೋ ಅಲ್ಲಿ ಸಡಿಲ, ಎಲ್ಲಿ ಬಿಗಿ ಬೇಕೋ ಅಲ್ಲಿ ಬಿಗಿ. ಇದನ್ನು ಅರಿಯದೆ ಎಲ್ಲವನ್ನೂ ಒಂದೇ ಸಮ ಬಿಗಿ ಮಾಡಿ, ಕೊನೆಗೆ ಎಲ್ಲವೂ ಒಮ್ಮೆಲೆ ಕೈತಪ್ಪಿ ಹೋಗುವುದನ್ನು ಕಾರುಗಳಲ್ಲಷ್ಟೇ ಅಲ್ಲ, ಮನೆಗಳಲ್ಲೂ ನೋಡಿದ್ದೇನೆ.

1997ರ ವಸಂತದಲ್ಲಿ ಕೆಲಸಕ್ಕೆ ಕೈ ಹಾಕಿದೆ. ಹಳೆ ಸಾಮಾನಿನವರ ಹತ್ತಿರ ನಂತರದ ಮಾದರಿಯ ಕಾರಿನ ಸ್ವಿಂಗ್ ಸ್ಪ್ರಿಂಗೊಂದು ಸಿಕ್ಕಿತು. ಅದರ ಜೊತೆಗೇ ಮುಂದಿನ ದಪ್ಪ ಸರಳನ್ನೂ ಕೊಂಡೆ. ಒಂದಿಲ್ಲದೆ ಇನ್ನೊಂದನ್ನು ಹಾಕಬಾರದು. ಅರ್ಧ ಕೆಲಸ ಪೂರ್ತಿ ಕೇಡು. ಇವರ ಮಣಿಕಟ್ಟು ಕೂಡಿಕೊಂಡಿತ್ತು, ಆದರೆ ನಟ್ಟು ಬಿಚ್ಚುವ ಬಲ ಬಂದಿರಲಿಲ್ಲ. ಪಾನಾ ಕೊಡುವ, ಟಾರ್ಚು ಹಿಡಿಯುವ ಕೆಲಸ ಅವರ ಪಾಲಿಗೆ ಬಂತು.

ಜ್ಯಾಕನ್ನು ನಂಬಿ ಕಾರಿನ ಕೆಳಗೆ ನುಸುಳಬಾರದು, ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಷಾಕ್ ಅಬ್ಸಾರ್ಬರ್ ಬಿಚ್ಚುವ ಮುನ್ನ ಚಕ್ರದ ಬುಡಕ್ಕೆ ಇನ್ನೊಂದು ಜ್ಯಾಕ್ ಕೊಟ್ಟೆ. ದಂಡ ಪೂರ್ತಿ ಕೆಳಗೆ ಬೀಳದಂತೆ ಹಿಡಿದಿರುವುದು ಅದೇ. ಸೀಟಿನ ಹಿಂದಿನ ಮುಚ್ಚಳ ತೆಗೆದರೆ ಸ್ಪ್ರಿಂಗಿನ ನಟ್ಟುಗಳು ಸಿಗುತ್ತವೆ. ಸವೆದ ಬುಷ್ಷುಗಳನ್ನೆಲ್ಲ ಬದಲಾಯಿಸಿದೆ. ಹೊಸ ಸ್ಪ್ರಿಂಗು, ಹೊಸ ಷಾಕ್ ಅಬ್ಸಾರ್ಬರ್ ಎಂದು ಹಣ ಸುರಿಯುವವರು ಈ ಚಿಲ್ಲರೆ ಬುಷ್ಷುಗಳನ್ನು ಮರೆತಿರುತ್ತಾರೆ. ಹೊಸ ಸೀರೆಗೆ ಹರಿದ ಒಳಲಂಗ ಉಟ್ಟಂತೆ. ರಬ್ಬರಿನ ಬುಷ್ಷಿನ ಬೋಲ್ಟುಗಳನ್ನು ಕಾರು ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿಯಬಾರದು. ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕೊನೆಗೆ ಹೊಂದಿಸುವ ಕೆಲಸ. ಚಕ್ರ ಎಷ್ಟು ವಾಲಿದೆ ಎಂದು ಗಾರೆಯವರ ತೂಗುಗುಂಡು ಇಳಿಬಿಟ್ಟು ಅಳೆದೆ. ಎರಡು ಚಕ್ರಗಳೂ ನೇರ ಮುಂದೆ ನೋಡುತ್ತಿವೆಯೇ ಎಂದು ಕಾರಿನ ಎರಡೂ ಬದಿಗೆ ದಾರ ಎಳೆದು ನೋಡಿದೆ. ವ್ಯತ್ಯಾಸವಿದ್ದ ಕಡೆ ಮುಂದಕ್ಕೆ ಹಿಡಿದಿರುವ ತೋಳಿನ ಬುಡದಲ್ಲಿ ತೆಳು ತಗಡಿನ ಷಿಮ್ಮುಗಳನ್ನು ಸೇರಿಸಿ ತೆಗೆದು ಸರಿಮಾಡಿದೆ. ಷಾಕ್ ಅಬ್ಸಾರ್ಬರನ್ನು ಪೂರ್ತಿ ಸಡಿಲಿಸಿ, ಎರಡೂ ಕಡೆ ಸಮನಾಗಿ, ಒಂದೊಂದೇ ಹೆಜ್ಜೆ ಬಿಗಿಮಾಡುತ್ತ, ಪ್ರತಿಸಲವೂ ಓಡಿಸಿ ನೋಡಿದೆ. ಕುಣಿತ ನಿಂತ ಕಡೆ ನಾನೂ ನಿಲ್ಲಿಸಿದೆ.

ಇಲ್ಲೊಂದು ಮಾತು ಹೇಳಬೇಕು. ಈ ಅಳತೆಗಳನ್ನೆಲ್ಲ ಎರಡು ಸೀಟಿನಲ್ಲೂ ಭಾರವಿಟ್ಟು ತೆಗೆದುಕೊಳ್ಳಬೇಕೆಂದು ರಿಪೇರಿ ಪುಸ್ತಕ ಹೇಳುತ್ತದೆ. ಒಂದೊಂದು ಸೀಟಿಗೆ 150 ಪೌಂಡ್, ಎಂದರೆ ಸುಮಾರು 68 ಕಿಲೋ. ಆಗ ನಾನು 52 ಕಿಲೋ ಇದ್ದೆ. ಪುಸ್ತಕದ ಮನುಷ್ಯ ನಾನಲ್ಲ! ಕಾರು ನನ್ನದಾಗಬೇಕಾದರೆ ನನ್ನ ತೂಕಕ್ಕೇ ಹೊಂದಬೇಕು ಎಂದು ಒಂದು ಸೀಟಿನಲ್ಲಿ ನಾನೇ ಕೂತು, ಇನ್ನೊಂದರಲ್ಲಿ ಮಗಳನ್ನು ಕೂರಿಸಿ, ಇವರ ಕೈಯಲ್ಲಿ ಮತ್ತೊಮ್ಮೆ ಅಳೆಸಿದೆ. ಇದು ಸಣ್ಣ ವಿಷಯವೆಂದು ನಗಬೇಡಿ. ಕಾರು ಗುದ್ದಿಸಿ ಪರೀಕ್ಷೆ ಮಾಡುವ ಬೊಂಬೆಗಳು ದಶಕಗಳ ಕಾಲ ಸರಾಸರಿ ಗಂಡಸಿನ ಅಳತೆಯವೇ ಆಗಿದ್ದವು. ಸರಾಸರಿ ಹೆಂಗಸಿನ ಮೈಕಟ್ಟಿನ ಬೊಂಬೆಯೊಂದನ್ನು ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಮತ್ತು ಅವರ ಸಂಗಡಿಗರು ಜಗತ್ತಿನ ಮುಂದಿಟ್ಟದ್ದು 2022ರಲ್ಲಿ.

ಹಾಗಾಗಿ ನನ್ನ ವಾದ ಕೊವೆಂಟ್ರಿಯ ಒಂದು ಹಳೆಯ ಕಾರಿನದಷ್ಟೇ ಅಲ್ಲ. ನಿಮ್ಮ ಬೀದಿಯಲ್ಲಿ ಇವತ್ತು ಮನೆಗೊಂದು ಸ್ಕೂಟರಿದೆ, ಓಡಿಸುವವರಲ್ಲಿ ನಮ್ಮ ಹೆಣ್ಣುಮಕ್ಕಳೂ ಇದ್ದಾರೆ. ಹಲವು ಸ್ಕೂಟರುಗಳ ಹಿಂದಿನ ಸ್ಪ್ರಿಂಗನ್ನು ಸವಾರರ ತೂಕಕ್ಕೆ ತಕ್ಕಂತೆ ಬಿಗಿ ಸಡಿಲ ಮಾಡಬಹುದು. ಮಗಳ ಸ್ಕೂಟರನ್ನು ಯಾರ ತೂಕಕ್ಕೆ ಹೊಂದಿಸಿದ್ದಾರೆ ಎಂದು ಮೆಕ್ಯಾನಿಕ್ಕನ್ನು ಒಮ್ಮೆ ಕೇಳಿ. ಟೈರಿನ ಗಾಳಿ ಎಷ್ಟಿರಬೇಕೆಂದು ಗಾಡಿಯ ಪುಸ್ತಕದಲ್ಲಿ ನೀವೇ ಓದಿಕೊಳ್ಳಿ. ಅವಳು "ಹಿಂದುಗಡೆ ಏನೋ ಸರಿಯಿಲ್ಲಮ್ಮ" ಎಂದರೆ, "ನೆಟ್ಟಗೆ ಓಡಿಸು" ಎನ್ನುವ ಮುಂಚೆ ಬಗ್ಗಿ ಚಕ್ರ ನೋಡಿ. ನಮ್ಮ ಮೈ ಹೇಳುವುದನ್ನು ನಾವೇ ನಂಬದಿದ್ದರೆ ಇನ್ಯಾರು ನಂಬುತ್ತಾರೆ? ನಾನು ಎರಡು ವರ್ಷ ನಂಬಲಿಲ್ಲ. ಅದೇ ನನ್ನ ನಿಜವಾದ ತಪ್ಪು, ಕಾಲು ತೆಗೆದದ್ದಲ್ಲ.

ಸ್ವಿಂಗ್ ಸ್ಪ್ರಿಂಗು ಹಾಕಿದ ಮಾತ್ರಕ್ಕೆ ಕಾರು ಏನು ಮಾಡಿದರೂ ತಾಳುತ್ತದೆ ಎಂದು ನಾನು ಹೇಳುವುದಿಲ್ಲ. ಒದ್ದೆ ರಸ್ತೆಯಲ್ಲಿ ಹುಚ್ಚು ವೇಗಕ್ಕೆ ಯಾವ ಸ್ಪ್ರಿಂಗೂ ಮದ್ದಲ್ಲ. ಆದರೆ ಸಾಮಾನ್ಯ ಮನುಷ್ಯರ ಸಾಮಾನ್ಯ ಹೆದರಿಕೆಗೆ ಅದು ಮರಣದಂಡನೆ ವಿಧಿಸುವುದಿಲ್ಲ. ಬೀಗದ ಕೈ ಡ್ರಾಯರಿನಿಂದ ಅಡುಗೆಮನೆಯ ಕೊಕ್ಕೆಗೆ ವಾಪಸು ಬಂತು. ತಂದು ತೂಗುಹಾಕಿದವರು ಇವರೇ. ಮಾತಾಡಲಿಲ್ಲ; ಅವರಿಗೆ ಅದೇ ದೊಡ್ಡ ಮಾತು.

2003ರಲ್ಲಿ ಮಗಳಿಗೆ ಹದಿನೆಂಟು ತುಂಬಿದಾಗ, ಡ್ರೈವಿಂಗ್ ಲೈಸೆನ್ಸು ಬಂದ ವಾರ, ಅವಳನ್ನು ಈ ಕಾರಿನಲ್ಲಿ ಒಂದು ಬಳಕೆ ತಪ್ಪಿದ ವಿಮಾನದ ಪಟ್ಟಿಗೆ, ಕೇಳಬೇಕಾದವರನ್ನು ಕೇಳಿ, ಕರೆದುಕೊಂಡು ಹೋದೆ. ಹಿಂದಿನ ರಾತ್ರಿ ಮಳೆ ಬಿದ್ದು ನೆಲ ಒದ್ದೆಯಾಗಿತ್ತು. ದೊಡ್ಡ ವೃತ್ತದಲ್ಲಿ ಓಡಿಸಲು ಹೇಳಿದೆ. ನಡುವೆ ಇದ್ದಕ್ಕಿದ್ದಂತೆ, "ಕಾಲು ತೆಗೆ!" ಎಂದು ಕೂಗಿದೆ. ಬೆಚ್ಚಿಬಿದ್ದು ತೆಗೆದಳು. ಕಾರು ಮೂತಿಯನ್ನು ಸ್ವಲ್ಪ ಒಳಕ್ಕೆಳೆದುಕೊಂಡು, ಹಿಂಭಾಗವನ್ನು ಒಂದಿಷ್ಟು ಅಲುಗಿಸಿ, ತನ್ನ ಪಾಡಿಗೆ ತಾನು ಮುಂದೆ ಹೋಯಿತು.

"ಅಮ್ಮಾ, ಏನೂ ಆಗಲಿಲ್ಲವಲ್ಲ?" ಎಂದಳು.

"ಇನ್ನೊಂದು ಸಲ ತೆಗೆ" ಎಂದೆ.